ಸೇರು ದೇವಿರಮ್ಮನ ಶೇಕಡಾ

ಊರಿನ ಹೆಸರು ಹೇಳಲ್ಲ. ಹೇಳಿದರೆ ನಾಳೆಯಿಂದ ನನ್ನ ತಟ್ಟೆಗೆ ಬರೀ ಸಾಂಬಾರಿನ ತಿಳಿ ಬೀಳುತ್ತೆ, ತರಕಾರಿ ಬೀಳಲ್ಲ. ಮದ್ದೂರು ತಾಲೂಕಿನ ಕೊಪ್ಪದಿಂದ ಆಟೋ ಹಿಡಿದರೆ ಹತ್ತು ನಿಮಿಷ, ಸುತ್ತ ಗದ್ದೆ, ಕಬ್ಬು, ಶಾಲೆಯ ಎದುರಿಗೇ ಹಾಲಿನ ಡೈರಿ. ಇಷ್ಟು ಗೊತ್ತಾದರೆ ಸಾಕು. ನಾನು ಮಂಜುಶ್ರೀ. ಹುಟ್ಟಿದ್ದು ಮಳವಳ್ಳಿ ಕಡೆ, ಮದುವೆಯಾಗಿ ಬಂದು ಸೇರಿದ್ದು ಮದ್ದೂರಿಗೆ. ಅಲ್ಲಿಂದ ದಿನಾ ಬಸ್ಸಲ್ಲಿ ಬಂದು ಈ ಸರ್ಕಾರಿ ಶಾಲೆಯಲ್ಲಿ ಆರು ಮತ್ತು ಏಳನೇ ತರಗತಿಗೆ ಗಣಿತ ಹೇಳಿಕೊಡ್ತೀನಿ. ಮಿಸ್ಸಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ಮಕ್ಕಳು ಮಾತಾಡಿಕೊಳ್ತಾರೆ. ಸುಳ್ಳೇನಲ್ಲ.

ಇದು ನನ್ನ ಕಥೆಯಲ್ಲ, ದೇವಿರಮ್ಮನದು. ದೇವಿರಮ್ಮ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು. ವಯಸ್ಸು ಐವತ್ತೆರಡು. ಎದುರಿಗೆ ‘ನೀವು’ ಅಂತೀನಿ, ಬರೆಯೋಕೆ ಕೂತರೆ ‘ಅವಳು’ ಅಂತಲೇ ಬರುತ್ತೆ. ಒಂದು ಸಲ ‘ಅವರು ಬಂದರು, ಅವರು ಹೇಳಿದರು’ ಅಂತ ಮರ್ಯಾದೆಯಿಂದ ಬರೆದು ಅವಳಿಗೇ ಓದಿ ಹೇಳಿದೆ. ಯಾರೋ ದೊಡ್ಡ ಹೆಂಗಸಿನ ವಿಷಯ ಅಂದುಕೊಂಡು ಕೊನೇವರೆಗೂ ಕೈ ಕಟ್ಟಿಕೊಂಡು ಕೇಳಿ, ಪಾಪ ಯಾವೂರಮ್ಮ ಅದು ಅಂತ ವಿಚಾರಿಸಿದಳು. ಅವತ್ತೇ ‘ಅವರು’ ಅನ್ನೋದನ್ನ ಕೈಬಿಟ್ಟೆ.

ಗಿಡ್ಡ ಆಳು, ಗಂಟಲು ಮಾತ್ರ ದೊಡ್ಡದು. ಅಡುಗೆಮನೆಯಲ್ಲಿ ನಿಂತು ಕೂಗಿದರೆ ಡೈರಿಯಲ್ಲಿ ನಿಂತವರು ತಿರುಗಿ ನೋಡ್ತಾರೆ. ಎಂಬತ್ತಾರು ಮಕ್ಕಳಿಗೆ ಅನ್ನ ಸಾಂಬಾರು ಮಾಡ್ತಾಳೆ. ಸರ್ಕಾರ ಕೊಟ್ಟ ತಕ್ಕಡಿ ಮೂಲೆಯಲ್ಲಿ ಧೂಳು ತಿನ್ನುತ್ತಾ ಕೂತಿದೆ, ಇವಳು ಅಕ್ಕಿ ಬೇಳೆ ಅಳೆಯೋದು ಮನೆಯಿಂದ ತಂದ ಸೇರಿನಲ್ಲಿ. ಊರಲ್ಲಿ ದೇವಿರಮ್ಮಂದಿರು ಮೂವರಿದ್ದಾರೆ. ಅದಕ್ಕೇ ಒಬ್ಬೊಬ್ಬರಿಗೂ ಒಂದೊಂದು ಅಡ್ಡಹೆಸರು. ಇವಳನ್ನ ಎಲ್ಲರೂ ‘ಸೇರು ದೇವಿರಮ್ಮ’ ಅಂತಿದ್ದರು. ಡೈರಿ ಪುಸ್ತಕದಲ್ಲೂ ಹಾಗೇ ಇತ್ತು. ಸೇರಿನಲ್ಲಿ ಅಳೀತಾಳಲ್ಲ, ಅದಕ್ಕೇ ಬಂದಿರಬೇಕು ಅಂತ ನಾನೂ ಅಂದುಕೊಂಡಿದ್ದೆ.

ದಿನಾ ಬೆಳಗ್ಗೆ ಹತ್ತೂವರೆಗೆ ಅವಳು ಒಂದೊಂದು ಕ್ಲಾಸಿನ ಬಾಗಿಲಿಗೂ ಬಂದು, ಇವತ್ತು ಎಷ್ಟು ತಟ್ಟೆ ಅಂತ ಕೇಳಿಕೊಂಡು ಹೋಗ್ತಾಳೆ. ಜುಲೈ ತಿಂಗಳ ಒಂದು ಬುಧವಾರ ಏಳನೇ ತರಗತಿಗೆ ಶೇಕಡಾ ಪಾಠ ಶುರು ಮಾಡಿದ್ದೆ. ಬೋರ್ಡಿನ ಮೇಲೆ ದೊಡ್ಡದಾಗಿ ‘ಶೇ. 25’ ಅಂತ ಬರೆದು ತಿರುಗಿದರೆ ದೇವಿರಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಕೇಳೋಕೆ ಅಂತ ಬಾಯಿ ತೆರೆದವಳು ಬೋರ್ಡು ನೋಡಿದಳು. ಬಾಯಿ ಹಾಗೇ ಮುಚ್ಚಿಕೊಂಡು, ತಟ್ಟೆ ಲೆಕ್ಕ ಕೇಳದೆ ಹೊರಟುಹೋದಳು.

ಅವತ್ತು ಊಟಕ್ಕೆ ಸಾಂಬಾರು ಸಾಲಲಿಲ್ಲ. ಕೊನೆಗೆ ನಿಂತಿದ್ದ ನನ್ನ ಏಳನೇ ತರಗತಿಗೇ ಬರೀ ಅನ್ನ. ನನಗೆ ಎಲ್ಲಿತ್ತೋ ಕೋಪ. ಸೀದಾ ಅಡುಗೆಮನೆಗೆ ನುಗ್ಗಿ, ಲೆಕ್ಕ ಕೇಳದೆ ಹೋದರೆ ಹೀಗಾಗದೆ ಇನ್ನೇನಾಗುತ್ತೆ, ನಾಲಿಗೆ ಸವೆಯುತ್ತಿತ್ತಾ ಅಂತ ಜಗಳಕ್ಕೇ ನಿಂತೆ. ಬೇರೆ ದಿನವಾಗಿದ್ದರೆ ಒಂದಕ್ಕೆ ಹತ್ತು ಅಂದುಬಿಡೋಳು. ಅವತ್ತು ತಲೆ ಎತ್ತದೆ ತಪ್ಪಲೆ ಉಜ್ಜುತ್ತಾ ಕೂತಿದ್ದಳು. ಜೊತೆ ಅಡುಗೆಯವಳು ಪಟ್ಟಲಮ್ಮ ನನ್ನ ಸೆರಗು ಜಗ್ಗಿ, “ಅವಳ್ಗೆ ಆ ಸೇ ಅಕ್ಸರ ಕಂಡ್ರೆ ಆಗಾಕಿಲ್ಲ ಕಣಮ್ಮ,” ಅಂದಳು. ನನಗೆ ತಲೆಬುಡ ತಿಳಿಯಲಿಲ್ಲ. ಅಲ್ಲೇ ಅಕ್ಕಿ ಮೂಟೆ ಮೇಲೆ ಕೂತೆ. ಕೈ ತೊಳೆದುಕೊಂಡು ಬಂದು ದೇವಿರಮ್ಮನೇ ಹೇಳಿದಳು.

ಮೂವತ್ತೊಂಬತ್ತು ವರ್ಷದ ಹಿಂದೆ ಇವಳೂ ಇದೇ ಶಾಲೆಯಲ್ಲಿ ಏಳನೇ ಕ್ಲಾಸು. ಆಗ ಪಾರ್ಥಸಾರಥಿ ಮೇಷ್ಟ್ರು ಅಂತ ಒಬ್ಬರು ಮದ್ದೂರಿಂದ ಬರ್ತಿದ್ದರು. ಒಳ್ಳೇ ಮೇಷ್ಟ್ರು, ಹೊಡೀತಿರಲಿಲ್ಲ. ಒಂದು ದಿನ ಬೋರ್ಡಿನ ಮೇಲೆ ‘ಶೇ.’ ಅಂತ ಬರೆದು, ಹೀಗಂದರೇನು ಯಾರು ಹೇಳ್ತೀರಿ ಅಂದರು. ಮೂವತ್ತು ಮಕ್ಕಳಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಮುಂದಿನ ಸಾಲಲ್ಲಿದ್ದ ದೇವಿರಮ್ಮ ಎದ್ದು ನಿಂತು, ಸೇರು ಸಾ, ಅಂದಳು.

ಈಗ ನೀವೇ ಹೇಳಿ, ಅವಳು ಅಂದದ್ದರಲ್ಲಿ ತಪ್ಪೇನು? ‘ರೂ.’ ಅಂತ ಬರೆದರೆ ರೂಪಾಯಿ. ‘ಕಿ.ಮೀ.’ ಅಂತ ಬರೆದರೆ ಕಿಲೋಮೀಟರು. ನಮ್ಮ ಕಡೆ ಶಾಂತಮ್ಮ ಸಾಂತಮ್ಮ ಆಗ್ತಾಳೆ, ಶನಿವಾರ ಸನಿವಾರ ಆಗುತ್ತೆ. ಹಾಗಿದ್ದ ಮೇಲೆ ‘ಶೇ.’ ಸೇರಾಗದೆ ಇನ್ನೇನಾಗಬೇಕು? ಹನ್ನೊಂದು ವರ್ಷದಿಂದ ಗಣಿತ ಹೇಳ್ತಿರೋ ನನಗೆ ಆ ತರ್ಕದಲ್ಲಿ ಒಂದು ಕೂದಲೆಳೆ ತಪ್ಪೂ ಕಾಣಲಿಲ್ಲ. ಪಾರ್ಥಸಾರಥಿ ಮೇಷ್ಟ್ರಿಗೆ ಮಾತ್ರ ನಗು ತಡೆಯೋಕಾಗಲಿಲ್ಲವಂತೆ. ಹೊಟ್ಟೆ ಹಿಡಿದುಕೊಂಡು ಕುರ್ಚಿ ಮೇಲೆ ಕೂತುಬಿಟ್ಟರು. ಇಡೀ ಕ್ಲಾಸು ಗೊಳ್ಳಂತ ನಕ್ಕಿತು. ಹಿಂದಿನ ಸಾಲಿಂದ ಒಬ್ಬ ‘ಸೇರು ದೇವಿರಿ’ ಅಂತ ಕೂಗಿದ. ಮಾರನೇ ದಿನ ಇವಳು ಶಾಲೆಗೆ ಹೋಗಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಮೇಷ್ಟ್ರು ಮನೆವರೆಗೂ ಬಂದು ಕರೆದರು, ಇವಳು ಅಟ್ಟ ಹತ್ತಿ ಕೂತಳು. ಅವ್ವ ಕೈಗೆ ಕುಡುಗೋಲು ಕೊಟ್ಟಳು, ಹಸು ಮೇಯಿಸೋಕೆ ಕಳಿಸಿದಳು, ಓದು ಅಲ್ಲಿಗೆ ಮುಗೀತು.

ಹಿಂದಿನ ಸಾಲಿಂದ ಕೂಗಿದವನು ಯಾರು ಗೊತ್ತಾ? ಮರಿಸಿದ್ದಯ್ಯ. ಆರು ವರ್ಷ ಕಳೆದ ಮೇಲೆ ಅದೇ ಮರಿಸಿದ್ದಯ್ಯನಿಗೇ ಇವಳನ್ನ ಕೊಟ್ಟು ಮದುವೆ ಮಾಡಿದರು. ನಾನು ಹಣೆ ಚಚ್ಚಿಕೊಂಡು, ಇಡೀ ಮದ್ದೂರು ತಾಲೂಕಲ್ಲಿ ಬೇರೆ ಗಂಡೇ ಇರಲಿಲ್ವಾ ಅಂದೆ. ಅವಳು ನಾಚಿಕೊಂಡು, ಇವನೇ ವಸಿ ನೋಡೋಕೆ ಚೆನ್ನಾಗಿದ್ದ ಅಂದಳು. ಪಟ್ಟಲಮ್ಮ ಬಿದ್ದು ಬಿದ್ದು ನಕ್ಕಳು.

ಆಮೇಲೆ ದೇವಿರಮ್ಮ ಮುಖ ಗಂಟು ಮಾಡಿಕೊಂಡು ಅಂದಳು: “ನಾಳೆ ನಾನು ಸತ್ರೆ ಬಸ್ ಸ್ಟಾಂಡಲ್ಲಿ ಫ್ಲೆಕ್ಸ್ ಕಟ್ತಾರೆ ಕಣಮ್ಮ. ಭಾವಪೂರ್ಣ ಶ್ರದ್ಧಾಂಜಲಿ ಸೇರು ದೇವಿರಮ್ಮ ಅಂತ ಆಕಿಸ್ತಾರೆ. ಅದೊಂದು ಆಗ್ಬಾರ್ದು.”

ಆ ಫ್ಲೆಕ್ಸು ನನ್ನ ಕಣ್ಣಿಗೂ ಕಟ್ಟಿಬಿಟ್ಟಿತು. ನಾಳೆಯಿಂದ ನನ್ನ ಕ್ಲಾಸಿಗೆ ಬಂದು ಕೂತ್ಕೊಳ್ಳಿ ಅಂದುಬಿಟ್ಟೆ. ಹೆಡ್‌ಮಾಸ್ಟರ್ ಕೃಷ್ಣಪ್ರಸಾದ್ ಸರ್ ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು, ಕೂರಬಾರದು ಅಂತ ಯಾವ ಸುತ್ತೋಲೆಯೂ ಇಲ್ಲ, ಆದರೆ ಸಾಂಬಾರು ಮಾತ್ರ ಸೀಯಬಾರದು ಅಂದರು.

ದೇವಿರಮ್ಮ ಬಾಗಿಲ ಪಕ್ಕದ ಕೊನೇ ಬೆಂಚಿನಲ್ಲಿ ಕೂತಳು. ಅಲ್ಲಿಂದ ಅಡುಗೆಮನೆಯ ಹೊಗೆ ಕಾಣುತ್ತೆ. ಮೊದಲನೇ ದಿನ ನಾನೊಂದು ಲೆಕ್ಕ ಕೊಟ್ಟೆ. ಒಂದು ತರಗತಿಯಲ್ಲಿ ನಲವತ್ತು ಮಕ್ಕಳಿದ್ದಾರೆ, ಅದರಲ್ಲಿ ಶೇಕಡಾ ಅರವತ್ತು ಹೆಣ್ಣುಮಕ್ಕಳು. ಶೇಕಡಾ ಅಂದರೆ ನೂರಕ್ಕೆ ಅಂತ. ಹಾಗಾದರೆ ಹೆಣ್ಣುಮಕ್ಕಳು ಎಷ್ಟು? ಮಕ್ಕಳೆಲ್ಲ ತಲೆ ತಗ್ಗಿಸಿ ಗೀಚೋಕೆ ಶುರು ಮಾಡಿದರು. ದೇವಿರಮ್ಮ ಕೈ ಎತ್ತಿದಳು. ಇರೋದೇ ನಲವತ್ತು ಜನ ಅಂತೀರಿ, ನೂರು ಎಲ್ಲಿಂದ ಬಂತು ಅಂದಳು. ನಾನು, ಅದು ಹಾಗೇನೇ, ನಿಯಮ ಅಂದೆ. ಅವಳು ಬಿಡಲಿಲ್ಲ. “ಅಲ್ಲ ಮೇಡಮ್ನೋರೆ, ಉಳ್ದ ಅರವತ್ತು ಜನ ಯಾವೂರೋರು?”

ಕ್ಲಾಸು ಬೆಂಚು ಬಡಿದು ಬಡಿದು ನಕ್ಕಿತು. ನಾನೂ ನಗೋಕೆ ಹೋದೆ, ಆದರೆ ಪಾರ್ಥಸಾರಥಿ ಮೇಷ್ಟ್ರು ನೆನಪಾಗಿ ಬೋರ್ಡಿನ ಕಡೆ ತಿರುಗಿಕೊಂಡೆ. ಅಷ್ಟರಲ್ಲಿ ಮುಂದಿನ ಸಾಲಿನ ದೀಪಿಕ, ಬಾಯಿ ಬಿಟ್ಟರೆ ಮುಚ್ಚದ ಹುಡುಗಿ, ಹೌದಲ್ವಾ ಮಿಸ್, ಅವರೆಲ್ಲ ಯಾವೂರೋರು ಅಂದಳು. ಆಗ ನನಗೆ ಗೊತ್ತಾಯ್ತು, ನನ್ನ ಹತ್ತಿರ ಕಲಿತ ಮಕ್ಕಳೆಲ್ಲ ಇಷ್ಟು ವರ್ಷ ಮೇಲಿನದನ್ನ ಕೆಳಗಿನದರಿಂದ ಭಾಗಿಸಿ ನೂರರಿಂದ ಗುಣಿಸಿ ನನಗೆ ಉತ್ತರ ಕೊಡ್ತಿದ್ದರು ಅಷ್ಟೇ. ಆ ನೂರು ಯಾರು ಅಂತ ಒಬ್ಬರಿಗೂ ಗೊತ್ತಿರಲಿಲ್ಲ.

ಮೂರು ದಿನ ಇದೇ ಗೋಳು. ನಾನು ಬೋರ್ಡಿನ ಮೇಲೆ ನೂರು ಮನೆ ಗೆರೆ ಎಳೆದೆ, ಬಣ್ಣದ ಸೀಮೆಸುಣ್ಣದಲ್ಲಿ ತುಂಬಿದೆ. ಅವಳು ಎಲ್ಲಾ ನೋಡಿ, ಚೆನ್ನಾಗದೆ, ಆದ್ರೆ ನಲವತ್ತೇ ಅಲ್ವಾ ಇರೋದು ಅನ್ನೋಳು. ನನ್ನ ಕೋಪಕ್ಕೆ ಎರಡು ಸೀಮೆಸುಣ್ಣ ಪುಡಿಯಾದವು. ನಿಯಮ ಅಂದರೆ ನಿಯಮ ಅಂತ ಕಿರುಚಿದೆ. ನಿಯಮ ಮಾಡಿದೋರನ್ನ ವಸಿ ಕೇಳಿ ನೋಡಿ ಅಂದಳು. ಬಸ್ಸಲ್ಲಿ ಮನೆಗೆ ಹೋಗೋವಾಗಲೂ ಅದೇ ಯೋಚನೆ. ಪಕ್ಕದಲ್ಲಿ ಕೂತ ಗೆಜ್ಜಲಗೆರೆ ಫ್ಯಾಕ್ಟರಿಯ ಹೆಂಗಸಿಗೆ ನನ್ನ ಮೊಣಕೈ ಮೂರು ಸಲ ತಗುಲಿತು, ಎದ್ದು ಬೇರೆ ಸೀಟಿಗೆ ಹೋದಳು.

ನಾಲ್ಕನೇ ದಿನ ತಟ್ಟೆ ತೊಳೆಯೋ ಜಾಗದಲ್ಲಿ ದೀಪಿಕಾಗೂ ಅವಳ ಕ್ಲಾಸಿನ ಅಪ್ಪುಗೂ ಜಗಳ. ಕನ್ನಡ ಉಕ್ತಲೇಖನದಲ್ಲಿ ದೀಪಿಕಾಗೆ ಹತ್ತಕ್ಕೆ ಎಂಟು ಬಂದಿತ್ತು. ಅಪ್ಪು ಅವತ್ತು ಬಂದಿರಲಿಲ್ಲ, ಅವನಿಗೆ ಬೇರೆ ದಿನ ಇಪ್ಪತ್ತಕ್ಕೆ ಕೊಟ್ಟಿದ್ದರು, ಹದಿನೈದು ಬಂದಿತ್ತು. ಹದಿನೈದು ದೊಡ್ಡದೋ ಎಂಟು ದೊಡ್ಡದೋ ಅಂತ ಅವನು ಕುಣೀತಿದ್ದ. ದೀಪಿಕ ತಟ್ಟೆ ನೆಲಕ್ಕೆ ಕುಕ್ಕಿ, “ನಂದೂ ಇಪ್ಪತ್ತಕ್ಕೆ ಇದ್ದಿದ್ರೆ ಹದಿನಾರು ಬಂದಿರೋದು ಕಣೋ,” ಅಂದಳು.

ಸಾಂಬಾರು ಬಡಿಸ್ತಿದ್ದ ದೇವಿರಮ್ಮನ ಸೌಟು ಗಾಳಿಯಲ್ಲೇ ನಿಂತಿತು. ಸಾಲಲ್ಲಿದ್ದ ಮಕ್ಕಳು ತಟ್ಟೆ ಹಿಡಿದುಕೊಂಡು ನೋಡ್ತಿದ್ದ ಹಾಗೇ ಅವಳು ಸೌಟಿನ ಸಮೇತ ಓಡಿದಳು. ಶಿಕ್ಷಕರ ಕೊಠಡಿಯ ನೆಲಕ್ಕೆಲ್ಲ ಸಾಂಬಾರು ತೊಟ್ಟಿಕ್ಕಿಸ್ತಾ ನನ್ನ ಮುಂದೆ ಬಂದು ನಿಂತಳು. ಏದುಸಿರು ಬಿಡ್ತಿದ್ದಳು.

“ಮೇಡಮ್ನೋರೆ, ನೂರು ಇರಾಕಿಲ್ಲ. ಇದ್ದಿದ್ರೆ ಅಂತ. ನೂರು ಇದ್ದಿದ್ರೆ ಎಷ್ಟಾಗ್ತಿತ್ತು ಅಂತ ಕೇಳಾದು. ಅಲ್ವಾ?”

ನಾನು ಎದ್ದು ನಿಂತೆ. ಹೌದು. ಅಷ್ಟೇ. ‘ಇದ್ದಿದ್ದರೆ’. ಹನ್ನೊಂದು ವರ್ಷದಲ್ಲಿ ನಾನು ಒಂದು ದಿನವೂ ಮಕ್ಕಳಿಗೆ ಹೀಗೆ ಹೇಳಿರಲಿಲ್ಲ. ಆ ಅರವತ್ತು ಜನ ಯಾವೂರಿನವರೂ ಅಲ್ಲ, ಅವರು ಇಲ್ಲವೇ ಇಲ್ಲ, ಇದ್ದಿದ್ದರೆ ಅಂತ ನಾವು ಅಂದುಕೊಳ್ಳೋದು. ನಾನು ಹೌದು ಅಂದದ್ದೇ ತಡ, ದೇವಿರಮ್ಮ ಸೌಟು ಎತ್ತಿಕೊಂಡು ಅಲ್ಲೇ ಒಂದು ಸುತ್ತು ಕುಣಿದಳು. ನಾನೂ ಅವಳ ಕೈ ಹಿಡಿದು ಕುಣಿದೆ, ಸುಳ್ಳು ಯಾಕೆ ಹೇಳಲಿ. ಕೃಷ್ಣಪ್ರಸಾದ್ ಸರ್ ಅಂಗಿ ಮೇಲೆ ಬಿದ್ದ ಸಾಂಬಾರಿನ ಕಲೆ ಇನ್ನೂ ಹೋಗಿಲ್ಲವಂತೆ.

ಅವತ್ತಿಂದ ಹಿಡಿಯಿತು ನೋಡಿ ಹುಚ್ಚು. ಕಂಡದ್ದಕ್ಕೆಲ್ಲ ಶೇಕಡಾ. ಮನೆಯಲ್ಲಿ ನಾಲ್ಕು ಮುದ್ದೆ ಕಟ್ಟಿದರೆ ಗಂಡ ಮೂರು ತಿಂತಾನೆ, ಸೇಕಡ ಎಪ್ಪತ್ತೈದು ಇವನೊಬ್ಬನ ಹೊಟ್ಟೆಗೇ ಅಂತ ಬೀದಿಗೆಲ್ಲ ಹೇಳಿದಳು. ಮದ್ದೂರಿಗೆ ನನ್ನ ಜೊತೆ ಬಸ್ಸಲ್ಲಿ ಬಂದಾಗ ಸೀಟು ಎಣಿಸಿದಳು, ಐವತ್ತು. ಜನ ಎಣಿಸಿದಳು, ಎಪ್ಪತ್ತೈದು. ಕಂಡಕ್ಟರನ್ನ ಕರೆದು, ನಿನ್ ಬಸ್ಸು ಸೇಕಡ ನೂರೈವತ್ತು ತುಂಬದೆ ಕಣಪ್ಪ ಅಂದಳು. ಅವನು ಹಾಗಾದ್ರೆ ನೀವು ಇಳ್ಕೊಳಿ ಅಂದ. ಮದ್ದೂರಲ್ಲಿ ವಡೆ ಕೊಂಡು ಮುರಿದು ನೋಡಿ, ಈರುಳ್ಳಿ ಸೇಕಡ ಹತ್ತೂ ಇಲ್ಲ ಅಂತ ಮಾರೋನಿಗೇ ಹೇಳಿ ಬೈಸಿಕೊಂಡಳು, ಆದರೂ ಇನ್ನೊಂದು ಕೊಂಡಳು. ಇಪ್ಪತ್ತು ದಿನದಲ್ಲಿ ಹೆಡ್‌ಮಾಸ್ಟರು ಆರು ದಿನ ಲೇಟು, ಸೇಕಡ ಮೂವತ್ತು ಅಂತ ಮಕ್ಕಳ ಮುಂದೆ ಲೆಕ್ಕ ಮಾಡಿ ತೋರಿಸಿದಳು. ಮಾರನೇ ದಿನದಿಂದ ಅವರು ಪ್ರಾರ್ಥನೆಗೆ ಕಾಲು ಗಂಟೆ ಮೊದಲೇ ಬಂದು ಗೇಟಲ್ಲಿ ನಿಂತಿರೋರು. ಇಂಥ ಮಜಾ ನಮ್ಮ ಶಾಲೆಯಲ್ಲಿ ಯಾವತ್ತೂ ಇರಲಿಲ್ಲ. ಏಳನೇ ತರಗತಿಗೆ ಶೇಕಡಾ ಅನ್ನೋದು ಆಟವಾಗಿಹೋಯ್ತು. ದೇವಿರಜ್ಜಿ ಬರದೆ ಪಾಠ ಶುರು ಮಾಡೋಕೆ ಅವರು ಬಿಡ್ತಿರಲಿಲ್ಲ.

ಇದೆಲ್ಲ ಡೈರಿಗೂ ಮುಟ್ಟಿತು. ಒಂದು ಬೆಳಗ್ಗೆ ಹಾಲು ಹಾಕೋ ಸಾಲಲ್ಲಿ ಮರಿಸಿದ್ದಯ್ಯ ಎಲ್ಲರ ಮುಂದೆ, ನಮ್ಮನೆ ಸೇರು ಈಗ ಕ್ವಿಂಟಾಲ್ ಆಗಾಕೆ ಹೊರಟದೆ ಅಂದ. ಅವನ ಜೊತೆ ಓದಿದ ಬೋರಯ್ಯ, ಬಂಡೂರು ಕುರಿ ಸಾಕೋನು, ಊರಲ್ಲೇ ದೊಡ್ಡ ನಗು ಅವನದು, ಕ್ಯಾನು ಬಿಟ್ಟು ನಕ್ಕ. ಅದೇ ಕ್ಲಾಸಲ್ಲಿ ಓದಿದ ಇನ್ನೂ ಮೂರು ನಾಲ್ಕು ಜನ ಸಾಲಲ್ಲಿದ್ದರು, ಅವರೂ ನಕ್ಕರು. ದೇವಿರಮ್ಮನಿಗೆ ರೇಗಿತು. ಅಲ್ಲೇ ಪಂಥ ಕಟ್ಟಿದಳು. ಬರೋ ಶನಿವಾರ ಏಳನೇ ಕ್ಲಾಸಿಗೆ ಶೇಕಡಾ ಪರೀಕ್ಷೆ. ಅದನ್ನ ತಾನೂ ಬರೀತಾಳೆ. ಶೇಕಡಾ ಎಂಬತ್ತು ಬಂದರೆ ಅವತ್ತಿಂದ ಊರಲ್ಲಿ ಒಬ್ಬರೂ ಸೇರು ಅನ್ನಬಾರದು, ಡೈರಿ ಪುಸ್ತಕದಲ್ಲೂ ಹೊಡೆದುಹಾಕಬೇಕು. ಬರಲಿಲ್ಲ ಅಂದರೆ ಸಾಯೋವರೆಗೂ ಸೇರೇ, ಇನ್ನು ಮೇಲೆ ಅವಳು ಕ್ಲಾಸಿನ ಬಾಗಿಲು ತುಳಿಯೋ ಹಾಗಿಲ್ಲ. ಎಲ್ಲರೂ ಒಪ್ಪಿದರು.

ಸುದ್ದಿ ಕೇಳಿ ಸೀದಾ ಅಡುಗೆಮನೆಗೆ ಹೋದೆ. ಎಂಬತ್ತು ಯಾಕೆ ಹೇಳಿದ್ರಿ, ಪಾಸಾಗೋಕೆ ಮೂವತ್ತೈದು ಸಾಕಿತ್ತು ಅಂತ ಬೈದೆ. ಮೂವತ್ತೈದಕ್ಕೆ ಹೆಸರು ಹೋಗುತ್ತಾ ಅಂತ ಅವಳು ನನ್ನನ್ನೇ ಕೇಳಿದಳು.

ಶನಿವಾರ ದೇವಿರಮ್ಮ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಹೊಸ ಪೆನ್ನು ಹಿಡಿದು ಬಂದಳು. ನಲವತ್ತು ಅಂಕದ ಪರೀಕ್ಷೆ. ಅಡುಗೆಗೆ ಪಟ್ಟಲಮ್ಮ ಒಬ್ಬಳೇ. ಅರ್ಧ ಗಂಟೆ ಕಳೆದಿರಬೇಕು, ಬೇಳೆ ತಳ ಹತ್ತೋ ವಾಸನೆ ಸಣ್ಣಗೆ ಒಳಗೆ ಬಂತು. ದೇವಿರಮ್ಮನ ಪೆನ್ನು ನಿಂತಿತು. ಮೂಗು ಅರಳಿತು. ಕಣ್ಣು ಬಾಗಿಲ ಕಡೆ, ಹಾಳೆ ಕಡೆ, ಮತ್ತೆ ಬಾಗಿಲ ಕಡೆ. ಇಪ್ಪತ್ತೆರಡು ಮಕ್ಕಳೂ ಬರೆಯೋದು ಬಿಟ್ಟು ಅವಳನ್ನೇ ನೋಡ್ತಿದ್ದರು. ಎದ್ದು ಹೋದರೆ ಮುಗೀತು. ಅವಳು ಏಳಲಿಲ್ಲ. ಕೂತಲ್ಲಿಂದಲೇ, ಪಟ್ಟಲಮ್ಮೀ ಉರಿ ಕಮ್ಮಿ ಮಾಡು ಅಂತ ಛಾವಣಿ ಹಾರೋ ಹಾಗೆ ಕೂಗಿ, ಮತ್ತೆ ತಲೆ ತಗ್ಗಿಸಿ ಬರೆಯೋಕೆ ಶುರು ಮಾಡಿದಳು. ಪರೀಕ್ಷೆಯಲ್ಲಿ ಮಾತಾಡಿದರೆ ನಾನು ಹಾಳೆ ಕಿತ್ತುಕೊಳ್ಳೋಳು. ಅವತ್ತು ಕಿಟಕಿ ಕಡೆ ತಿರುಗಿ ನಿಂತೆ. ಸೀದ ವಾಸನೆಯ ಸಾಂಬಾರನ್ನ ಒಬ್ಬರೂ ಬೇಡ ಅನ್ನದೆ ಉಂಡರು.

ಅವಳ ಹಾಳೆಯನ್ನ ನಾನು ಮೂರು ಸಲ ತಿದ್ದಿದೆ. ಪಕ್ಷಪಾತ ಅಂತ ಮಾತು ಬರಬಾರದು ಅಂತ ಕೃಷ್ಣಪ್ರಸಾದ್ ಸರ್ ನಾಲ್ಕನೇ ಸಲ ತಿದ್ದಿದರು. ಒಂದು ಪ್ರಶ್ನೆ ಹೀಗಿತ್ತು: ತೋಟದಲ್ಲಿ ಅರವತ್ತು ತೆಂಗಿನ ಮರ, ಶೇಕಡಾ ಹದಿನೈದಕ್ಕೆ ರೋಗ, ಆರೋಗ್ಯವಾಗಿರೋ ಮರ ಎಷ್ಟು? ಇವಳು ರೋಗದ ಮರ ಒಂಬತ್ತು ಅಂತ ಸರಿಯಾಗಿ ತೆಗೆದು, ‘ಆ ಒಂಬತ್ತಕ್ಕೆ ಮೊದಲು ಔಷಧಿ ಹೊಡೆಸಬೇಕು’ ಅಂತ ಬರೆದು ನಿಲ್ಲಿಸಿದ್ದಳು. ಉಳಿದ ಐವತ್ತೊಂದರ ಚಿಂತೆ ಅವಳಿಗಿರಲಿಲ್ಲ. ಅಲ್ಲಿ ಎರಡು ಅಂಕ ಕತ್ತರಿಸಿದೆ, ಅಲ್ಲಿ ಇಲ್ಲಿ ಇನ್ನೂ ನಾಲ್ಕು ಹೋಯ್ತು. ಸಂಜೆ ಅವಳಿಗೆ ಅಂಕ ಹೇಳಿದೆ. ಹಾಳೆಯನ್ನ ರವಿಕೆಯೊಳಗೆ ಇಟ್ಟುಕೊಂಡು, ಯಾರಿಗೂ ಹೇಳಬೇಡಿ, ಸೋಮವಾರ ಬೆಳಗ್ಗೆ ಡೈರಿಗೆ ಬನ್ನಿ ಅಂದಳು.

ಸೋಮವಾರ ಮೊದಲನೇ ಬಸ್ಸು ಹಿಡಿದು ಬಂದೆ. ಆರೂವರೆಗೆ ಡೈರಿ ಮುಂದೆ ಊರಿಗೆ ಊರೇ ಕ್ಯಾನು ಹಿಡಿದು ನಿಂತಿತ್ತು. ಒಳಗೆ ಸೆಕ್ರೆಟರಿ ರಘುನಂದನ್, ಬಿ.ಕಾಂ. ಓದಿರೋ ಹುಡುಗ, ಪುಸ್ತಕ ಬಿಚ್ಚಿಕೊಂಡು ಕೂತಿದ್ದ. ದೇವಿರಮ್ಮ ಕ್ಯಾನು ಕೆಳಗಿಟ್ಟಳು. ಮರಿಸಿದ್ದಯ್ಯ, ಏನಾಯ್ತು ಯೋಳು ಅಂದ.

“ನಲವತ್ತಕ್ಕೆ ಮೂವತ್ನಾಲ್ಕು,” ಅಂದಳು.

ಮರಿಸಿದ್ದಯ್ಯ ಸ್ವಲ್ಪ ಹೊತ್ತು ಬೆರಳು ಮಡಿಸಿದ. ಆಮೇಲೆ ಮುಖ ಅರಳಿತು. “ಎಂಬತ್ತು ಎಲ್ಬಂತು? ಮೂವತ್ನಾಲ್ಕೇ ಅಲ್ವಾ ಬಂದಿರಾದು. ಸೋತೆ ಕಣಮ್ಮಿ.”

ನನಗೆ ಕಿವಿ ನಂಬೋಕಾಗಲಿಲ್ಲ. ಬೋರಯ್ಯ ಇನ್ನೂ ಜಾಣ, ಎಂಬತ್ತರಲ್ಲಿ ಮೂವತ್ತನಾಲ್ಕು ಕಳೆದು, ನಲವತ್ತಾರು ಕಮ್ಮಿ ಬಿತ್ತು ಅಂತ ಲೆಕ್ಕ ಹೇಳಿದ. ಅವರ ಜೊತೆ ಓದಿದ ಉಳಿದವರೂ ತಲೆ ಆಡಿಸಿದರು. ಅವರಲ್ಲೊಬ್ಬಳು ಚಲುವಮ್ಮ ಹತ್ತಿರ ಬಂದು ದೇವಿರಮ್ಮನ ಬೆನ್ನು ಸವರಿ, ಹೋಗ್ಲಿ ಬುಡು, ಈ ವಯಸ್ಸಲ್ಲಿ ಅಷ್ಟು ಬಂದದ್ದೇ ಹೆಚ್ಚು ಅಂತ ಸಮಾಧಾನ ಮಾಡಿದಳು. ರಘುನಂದನ್ ತುಟಿ ಕಚ್ಚಿಕೊಂಡು ನಗು ತಡೀತಿದ್ದ. ನಾನು ಬಾಯಿ ತೆರೆದೆ. ದೇವಿರಮ್ಮ ಕೈ ಅಡ್ಡ ಹಿಡಿದಳು.

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಗಂಡನ್ನ, ಬೋರಯ್ಯನ್ನ, ಚಲುವಮ್ಮನ್ನ. ಏನೋ ಹೊಳೆದ ಹಾಗೆ ಒಂದು ಹೆಜ್ಜೆ ಮುಂದೆ ಬಂದಳು.

“ಅವತ್ತು ಯಾಕ್ ನಕ್ಕಿದ್ದು ನೀವು? ಮೇಷ್ಟ್ರು ಬೋರ್ಡ್ ಮೇಲೆ ಸೇ ಅಂತ ಬರ್ದಿದ್ದಾಗ.”

ಮರಿಸಿದ್ದಯ್ಯ ಕತ್ತು ಕೆರೆದುಕೊಂಡ. “ಮೇಷ್ಟ್ರು ನಕ್ರು. ನಾವೂ ನಕ್ಕೋ.”

“ಸೇ ಅಂದ್ರೇನು ಅಂತ ನಿಂಗೆ ಗೊತ್ತಿತ್ತಾ?”

“ನಾನೂ ಸೇರು ಅಂತ್ಲೇ ಅನ್ಕೊಂಡಿದ್ದೆ,” ಅಂದ. “ಈಗ್ಲೂ ಅಂಗೇ ಅನ್ಕೊಂಡಿವ್ನಿ. ಸೇರೇ ಅಲ್ವಾ?”

ಬೋರಯ್ಯ, ನಾನೂವೆ ಅಂದ. ಚಲುವಮ್ಮ, ನಂಗೂ ಗೊತ್ತಿರ್ನಿಲ್ಲ ಕಣಮ್ಮ ಅಂತ ಸಣ್ಣ ದನಿಯಲ್ಲಿ ಅಂದಳು. ಕ್ಯಾನು ಎತ್ತಿ ಹಾಲನ್ನೆಲ್ಲ ಅವರ ತಲೆ ಮೇಲೆ ಸುರೀಬೇಕು ಅನ್ನಿಸಿತು. ಒಬ್ಬರಿಗೂ ಗೊತ್ತಿರಲಿಲ್ಲ. ಎಲ್ಲರೂ ಮನಸ್ಸಲ್ಲಿ ಸೇರು ಅಂದುಕೊಂಡು ಬಾಯಿ ಮುಚ್ಚಿಕೊಂಡು ಕೂತಿದ್ದರು. ಬಾಯಿ ಬಿಟ್ಟವಳು ಇವಳೊಬ್ಬಳು, ಶಾಲೆ ಬಿಟ್ಟವಳೂ ಇವಳೊಬ್ಬಳು. ಈಗ ಅಳ್ತಾಳೆ ಅಂತ ನಾನು ಅವಳ ಪಕ್ಕಕ್ಕೆ ಹೋದೆ.

ಅವಳು ಅಳಲಿಲ್ಲ. ಮೊದಲು ಭುಜ ಅಲ್ಲಾಡಿತು. ಆಮೇಲೆ ಡೈರಿ ಮೆಟ್ಟಿಲ ಮೇಲೆ ಧಪ್ಪಂತ ಕೂತಳು, ಸೆರಗು ಬಾಯಿಗಿಟ್ಟುಕೊಂಡಳು, ನಗು ಅಂದರೆ ನಗು, ಕಣ್ಣಲ್ಲಿ ಧಾರಾಕಾರ ನೀರು. ಇಡೀ ಕ್ಲಾಸೇ ಸೇರು, ಇಡೀ ಕ್ಲಾಸೇ ಸೇರು ಅಂತ ತೊಡೆ ಬಡಿದುಕೊಂಡಳು. ಅವಳ ನಗು ನೋಡಿ ಚಲುವಮ್ಮನಿಗೆ ನಗು ಬಂತು, ಅವಳನ್ನ ನೋಡಿ ಬೋರಯ್ಯನಿಗೆ, ಕೊನೆಗೆ ಸಾಲಿಗೆ ಸಾಲೇ ನಕ್ಕಿತು. ನಾನು ಅಳ್ತಾ ನಗ್ತಿದ್ದೆ, ಯಾವುದು ಎಷ್ಟು ಶೇಕಡಾ ಅಂತ ಕೇಳಬೇಡಿ.

ಸಾಕಾದ ಮೇಲೆ ಎದ್ದು, ಕಣ್ಣೊರೆಸಿಕೊಂಡು, ರಘುನಂದನ್ ಕಡೆ ತಿರುಗಿ, ನೀನೇ ಯೋಳಪ್ಪ ಅಂದಳು. ಅವನು ಎದ್ದು ನಿಂತು, ಶೇಕಡಾ ಎಂಬತ್ತೈದು, ದೇವಿರಮ್ಮನೋರು ಗೆದ್ದವ್ರೆ ಅಂತ ಕೂಗಿದ. ನಾನು ಕಿರುಚಿದ ಕಿರುಚಿಗೆ ಕಟ್ಟಿದ್ದ ಎಮ್ಮೆಗಳು ಹಗ್ಗ ಜಗ್ಗಿದವು. ರಘುನಂದನ್ ಪುಸ್ತಕ ತೆಗೆದು, ಎಲ್ಲರೂ ಬಗ್ಗಿ ನೋಡ್ತಿರೋವಾಗ, ‘ಸೇರು’ ಅನ್ನೋದರ ಮೇಲೆ ಅಡ್ಡಗೆರೆ ಎಳೆದ. ಬರೀ ದೇವಿರಮ್ಮ ಉಳಿದಳು.

ಜನಕ್ಕೆ ಮಾತ್ರ ತಲೆ ಕೆಟ್ಟುಹೋಗಿತ್ತು. ಮೂವತ್ತನಾಲ್ಕು ಹೋಗಿ ಎಂಬತ್ತೈದು ಹೇಗಾಯ್ತು? ಬೋರಯ್ಯ ಬೆರಳು ಮಡಿಸಿ ಮಡಿಸಿ ಸಾಕಾಗಿ ನನ್ನ ಮುಖ ನೋಡಿದ. ನಾನು ಹೇಳಲಿಲ್ಲ, ಅದು ನಾನು ಹೇಳೋ ಮಾತಾಗಿರಲಿಲ್ಲ. ದೇವಿರಮ್ಮ ಹಾಲು ಹಾಕಿ, ಖಾಲಿ ಕ್ಯಾನು ಎತ್ತಿಕೊಳ್ಳೋಕೆ ಬಗ್ಗಿದಳು. ಅಷ್ಟರಲ್ಲಿ ಮರಿಸಿದ್ದಯ್ಯ, ಹುಟ್ಟಿದ ಮೇಲೆ ಹೆಂಡತಿಯ ಕ್ಯಾನು ಮುಟ್ಟದವನು, ಅದನ್ನ ತನ್ನ ಕೈಗೆ ತಗೊಂಡ. ಅವಳು ಮುಂದೆ, ಅವನು ಹಿಂದೆ.

“ಅಲ್ಲಮ್ಮಿ, ಅದೆಂಗೆ ಎಂಬತ್ತೈದಾಯ್ತು? ವಸಿ ಯೋಳ್ಕೊಡು.”

ದೇವಿರಮ್ಮ ತಿರುಗಿಯೂ ನೋಡಲಿಲ್ಲ. ಶಾಲೆ ಗೇಟಿನ ಒಳಗೆ ಕಾಲಿಟ್ಟು ಹೇಳಿದಳು: “ಮೂವತ್ತೊಂಬತ್ತು ವರ್ಸ ನಾನು ಕಾದಿವ್ನಿ. ನೀನು ಊಟದ ಬೆಲ್ ಗಂಟ ಕಾಯಿ.”